ಹೊಂಗೆ ಡೀಸೆಲ್: ಕೊನೆಗೂ ಇಂಜಿನ್‌ಗೆ ಬಿತ್ತು

ಬದುವಿನ ಹೊಂಗೆ ಮರಗಳ ಬೀಜವನ್ನು ಚೆನ್ನಾಗಿ ಒಣಗಿಸಿ ಏಪ್ರಿಲ್‌ನಲ್ಲಿ ಗಾಣಕ್ಕೆ ಕೊಟ್ಟಿದ್ದೆ. ನಾಲ್ಕು ಕೆ.ಜಿ. ಬೀಜಕ್ಕೆ ಹೆಚ್ಚುಕಡಿಮೆ ಒಂದು ಕೆ.ಜಿ. ಎಣ್ಣೆ ಬಂತು. ಹಿಂಡಿ ತೆಂಗಿನ ಬುಡಕ್ಕೆ ಹೋಯಿತು.

ಎಣ್ಣೆಯನ್ನು ಹಾಗೇ ಇಂಜಿನ್‌ಗೆ ಸುರಿದರೆ ಆಗಲ್ವಾ ಅಂತ ಸುಮಾರು ಜನ ಕೇಳಿದರು. ಇಂಜಿನ್ ಓಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರ ತಂಡ ತೊಂಬತ್ತರ ದಶಕದ ಕೊನೆಯಲ್ಲೇ ಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ತೋರಿಸಿತ್ತು. ಆದರೆ ಹಸಿ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ ಮಂದ. ನಾಝಲ್‌ನಿಂದ ಮಂಜಿನಂತೆ ಸಿಡಿಯುವುದಿಲ್ಲ, ಪೂರ್ತಿ ಉರಿಯುವುದಿಲ್ಲ, ಬರಬರುತ್ತಾ ಮಸಿ ಕಟ್ಟುತ್ತದೆ. ನಮ್ಮದು ನೀರೆತ್ತುವ ಐದು ಎಚ್‌.ಪಿ. ಸಿಂಗಲ್ ಸಿಲಿಂಡರ್ ಇಂಜಿನ್. ಅದು ಇನ್ನೂ ಬಹಳ ಕಾಲ ಬಾಳಬೇಕು. ಹಾಗಾಗಿ ಬಯೋಡೀಸೆಲ್ ಮಾಡಿಯೇ ಹಾಕೋಣ ಅಂದುಕೊಂಡೆ. ಅಂದರೆ ಎಣ್ಣೆಗೆ ಮೆಥನಾಲ್ ಎಂಬ ಆಲ್ಕೋಹಾಲ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಸೇರಿಸಿ ತೆಳುವಾದ ಇಂಧನ ಮಾಡುವುದು.

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಎಣ್ಣೆಯ ಹುಳಿ, ಅಂದರೆ ಆಮ್ಲದ ಅಂಶ ನೋಡುವುದು. ಒಂದು ಲೀಟರ್ ಶುದ್ಧ ನೀರಿಗೆ ಒಂದು ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕರಗಿಸಿಟ್ಟುಕೊಂಡೆ. 1 ಎಂ.ಎಲ್. ಎಣ್ಣೆಯನ್ನು 10 ಎಂ.ಎಲ್. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಲಸಿ, ಚಿಟಿಕೆ ಅರಿಶಿನ ಹಾಕಿ, ಆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. 4 ಎಂ.ಎಲ್. ಹತ್ತಿರ ಹಳದಿ ಬಣ್ಣ ಕೆಂಪಿಗೆ ತಿರುಗಿ ನಿಂತಿತು. ಅಂದರೆ ಲೀಟರ್ ಎಣ್ಣೆಗೆ ಮಾಮೂಲಿ ಅಳತೆಯ ಹೈಡ್ರಾಕ್ಸೈಡ್ ಜೊತೆ ಇನ್ನೂ 4 ಗ್ರಾಂ ಬೇಕು. ತೇವದಲ್ಲಿ ಬಿದ್ದಿದ್ದ ಹಳೇ ಬೀಜದ ಎಣ್ಣೆಯಾದರೆ ಈ ಅಂಕಿ ತುಂಬಾ ಮೇಲೆ ಹೋಗುತ್ತದೆ. ಆಗ ಡೀಸೆಲ್ ಬದಲು ಸೋಪೇ ಸಿಗುತ್ತದೆ, ಮೊದಲು ಆಸಿಡ್ ಹಾಕಿ ಹುಳಿ ಇಳಿಸಬೇಕು.

ಆಮೇಲಿನದು ಸಲೀಸು. ಲೀಟರ್‌ಗೆ 200 ಎಂ.ಎಲ್. ಮೆಥನಾಲ್, ಅದರಲ್ಲಿ ಕರಗಿಸಿದ ಆ ಹೈಡ್ರಾಕ್ಸೈಡ್, 60 ಡಿಗ್ರಿ ಬಿಸಿ, ಒಂದು ಗಂಟೆ ಕಲಕಾಟ. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಪಾತ್ರೆ, ಗಾಳಿಯಾಡುವ ಜಾಗ, ಕೈಗವಸು ಇಲ್ಲದೆ ಯಾರೂ ಇದಕ್ಕೆ ಕೈ ಹಾಕಬೇಡಿ. ಬೆಳಿಗ್ಗೆ ನೋಡಿದರೆ ತಳದಲ್ಲಿ ಕಪ್ಪು ಕಂದು ಗ್ಲಿಸರಿನ್, ಮೇಲೆ ತಿಳಿಯಾದ ಇಂಧನ. ನೀರು ಹಾಲಿನ ಬಣ್ಣ ಬಿಡುವುದು ನಿಲ್ಲುವವರೆಗೂ ತೊಳೆದು, ಕಾಯಿಸಿ ತೇವ ತೆಗೆದೆ. ಎಣ್ಣೆ ಪೂರ್ತಿ ಬದಲಾಗಿದೆಯೇ ಅಂತಲೂ ನೋಡಿದೆ. 27 ಎಂ.ಎಲ್. ಮೆಥನಾಲ್‌ಗೆ ಇದನ್ನು 3 ಎಂ.ಎಲ್. ಹಾಕಿದರೆ ಪೂರ್ತಿ ಕರಗಿತು. ತಳದಲ್ಲಿ ಎಣ್ಣೆ ಉಳಿದಿದ್ದರೆ ಮತ್ತೆ ಮೊದಲಿಂದ ಮಾಡಬೇಕಿತ್ತು.

ಇಂಜಿನ್‌ಗೆ ಹಾಕಿದ್ದು ಬಿ20. ನೂರಕ್ಕೆ ಇಪ್ಪತ್ತು ಹೊಂಗೆ, ಉಳಿದದ್ದು ಡೀಸೆಲ್. ಬಯೋಡೀಸೆಲ್ ಮಾಮೂಲಿ ರಬ್ಬರನ್ನು ಹಾಳು ಮಾಡುತ್ತದೆ, ಅದಕ್ಕೆ ಮೊದಲೇ ಆ ಪೈಪ್ ತೆಗೆದು ಅದನ್ನು ತಡೆಯುವ ವಿಟಾನ್ ಪೈಪ್ ಹಾಕಿದ್ದೆ. ಬಯೋಡೀಸೆಲ್ ಟ್ಯಾಂಕಿನ ಹಳೇ ಕೊಳೆಯನ್ನೂ ಎಬ್ಬಿಸುತ್ತದೆ, ಅದಕ್ಕೆ ಹೆಚ್ಚುವರಿ ಫಿಲ್ಟರ್ ತಂದಿಟ್ಟಿದ್ದೇನೆ. ಸ್ಟಾರ್ಟಿಂಗ್‌ನಲ್ಲಿ ಏನೂ ತೊಂದರೆ ಇಲ್ಲ. ನೀರೆತ್ತುವಾಗ ಸೈಲೆನ್ಸರ್ ಮುಂದೆ ಬಿಳಿ ಬಟ್ಟೆ ಹಿಡಿದು ನೋಡಿದೆ. ಬರೀ ಡೀಸೆಲ್‌ನ ಕಲೆ ಇದ್ದಿಲಿನಂತೆ ಕಪ್ಪಗಿತ್ತು, ಇದರದ್ದು ಬೂದು. ಇಂಧನದೊಳಗೇ ಆಮ್ಲಜನಕ ಇರುವುದರ ಲಾಭ ಇದು. ಶಕ್ತಿ ಡೀಸೆಲ್‌ಗಿಂತ ಸ್ವಲ್ಪ ಕಡಿಮೆ, ಆದರೆ ಬಿ20ರಲ್ಲಿ ನೀರಿನ ಹರಿವಿನಲ್ಲಿ ವ್ಯತ್ಯಾಸ ನನಗೆ ಕಾಣಲಿಲ್ಲ.

ಹೊಗೆ ಇಳಿದರೂ ನೈಟ್ರೋಜನ್ ಆಕ್ಸೈಡ್ ಎಂಬ ಮಾಲಿನ್ಯದ ಅನಿಲ ಸ್ವಲ್ಪ ಏರಬಹುದು, ಅದು ಬಟ್ಟೆಯಲ್ಲಿ ಕಾಣುವುದಿಲ್ಲ. ಫ್ಯೂಯೆಲ್ ಪಂಪ್ ಕೆಳಗೆ ಒಂದು ಶಿಮ್ (ತೆಳು ತಗಡು) ಸೇರಿಸಿ, ಇಂಧನ ಸಿಡಿಯುವ ಟೈಮಿಂಗ್ ತುಸು ತಡ ಮಾಡಿ, ಗ್ಯಾಸ್ ಅನಲೈಸರ್ ಇರುವ ಕಡೆ ಅಳೆಸಬೇಕು. ಮುಂದಿನ ಕೆಲಸ ಅದೇ.