ಎಷ್ಟು ವಾರ?

ತೊಡೆಸಂದಿನ ಕೀಲಿನ ಆಪರೇಷನ್‌ಗೆ ಹಿಂದಿನ ಸಂಜೆ ಡಾಕ್ಟರು ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. "ನೋಡಮ್ಮ, ಕ್ಯಾಮೆರಾ ಒಳಗೆ ಹೋದ ಮೇಲೇ ಪೂರ್ತಿ ಗೊತ್ತಾಗೋದು. ಅಂಚಿನ ಪಟ್ಟಿ ಮಾತ್ರ ಹರಿದಿದ್ರೆ ಹೊಲಿದುಬಿಡ್ತೀವಿ, 3 ವಾರ ಊರುಗೋಲು ಸಾಕು. ಒಳಗಿನ ಕಾರ್ಟಿಲೇಜ್, ಅಂದ್ರೆ ಮೂಳೆ ಮೇಲಿನ ನುಣುಪು ಪದರ, ಕಿತ್ತು ಬಂದಿದ್ರೆ ಮೂಳೆಗೆ ಸಣ್ಣ ಸಣ್ಣ ತೂತು ಹಾಕಬೇಕಾಗುತ್ತೆ. ಆಗ 6ರಿಂದ 8 ವಾರ ಆ ಕಾಲಿನ ಮೇಲೆ ಭಾರ ಹಾಕೋ ಹಾಗಿಲ್ಲ."

ಎರಡಕ್ಕೂ ಸೇರಿಸಿ ಸಹಿ ಹಾಕಿದೆ. ರಾತ್ರಿಯೆಲ್ಲ ತಲೆಯಲ್ಲಿ ಮೂರು, ಆರು, ಮೂರು, ಆರು.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. 12ನೇ ವಯಸ್ಸಿನಿಂದ ಖೋ ಖೋ ಆಡಿದವಳು. ಆಡಿದವರಿಗೆ ಗೊತ್ತು, ಸಾಲಿನಲ್ಲಿ ಕೂತಾಗ ತೊಡೆ ಹೊಟ್ಟೆಗೆ ಒತ್ತಿಕೊಂಡಿರುತ್ತದೆ, ಬೆನ್ನಿಗೆ ಕೈ ಬಿದ್ದು "ಖೋ" ಅಂದ ಕ್ಷಣ ಆ ಮಡಿಚಿದ ಕಾಲಿನಿಂದಲೇ ಚಿಮ್ಮಬೇಕು. ಬಲಗಡೆ ತೊಡೆಸಂದಿನಲ್ಲಿ ಚುಚ್ಚಿದಂತಾಗುವುದು ಕಾಲೇಜಿನ ಕೊನೆಯ ವರ್ಷದಲ್ಲೇ ಶುರುವಾಗಿತ್ತು. ಉಳುಕು ಇರಬೇಕು ಅಂತ ಅಮ್ಮ ಹರಳೆಣ್ಣೆ ಕಾಯಿಸಿ ತಿಕ್ಕಿದರು. ಆಮೇಲೆ ನೋವು ಹೋಗುತ್ತಿತ್ತು, ಬರುತ್ತಿತ್ತು, ಹಾಗೇ ವರ್ಷಗಳು ಕಳೆದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ನಾವು ಬೆನ್ನಿನ ಕೆಳಗಿನಿಂದ ತೊಡೆಯ ತನಕ ಎಲ್ಲವನ್ನೂ ಸೊಂಟ ಅಂದುಬಿಡುತ್ತೇವೆ, ಅಲ್ವಾ? ನಾನು "ಸೊಂಟ ನೋವು" ಅಂದೆ, ಒಬ್ಬ ಡಾಕ್ಟರು ಬೆನ್ನಿನ ಎಕ್ಸ್‌ರೇ ತೆಗೆಸಿದರು. ಇನ್ನೊಂದು ಕಡೆ ಹೆಂಗಸಲ್ವಾ ಅಂತ ಗರ್ಭಕೋಶದ ಸ್ಕ್ಯಾನ್ ಮಾಡಿಸಿದರು. ಎಲ್ಲವೂ ಸರಿಯಿದೆ ಅಂತ ರಿಪೋರ್ಟ್ ಬಂತು. ಎಲ್ಲವೂ ಸರಿಯಿದೆ ಅಂತ ಬರೆದ ಕಾಗದ ಹಿಡಿದುಕೊಂಡು ಮೆಟ್ಟಿಲು ಇಳಿಯಲು ಆಗದೆ ನಿಂತ ದಿನ ನನಗೆ ನಿಜಕ್ಕೂ ಅಳು ಬಂತು.

ಕೊನೆಗೆ ಬೆಂಗಳೂರಿನ ಈ ಡಾಕ್ಟರು ಎಲ್ಲಿ ನೋವು ಅಂತ ಕೇಳಿದಾಗ, ನಾನು ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಪಕ್ಕೆಯ ಕೆಳಗೆ ಇಕ್ಕಳದ ಹಾಗೆ ಹಿಡಿದು ತೋರಿಸಿದೆ. ಅವರು ತಲೆಯಾಡಿಸಿದರು. ಹಾಗೆ ಹಿಡಿದು ತೋರಿಸುವುದೇ ಕೀಲಿನ ಒಳಗಿನ ನೋವಿನ ಒಂದು ಗುರುತಂತೆ. ಮಲಗಿಸಿ ಮಂಡಿಯನ್ನು ಎದೆಯ ಕಡೆ ಮಡಿಚಿ ಒಳಕ್ಕೆ ತಿರುಗಿಸಿದರು, ನಾನು ಕಿರುಚಿಬಿಟ್ಟೆ. ಆಮೇಲೆ ಕೀಲಿನೊಳಗೆ ಸೂಜಿಯಿಂದ ಡೈ ಬಿಟ್ಟು ಎಂಆರ್‌ಐ ಮಾಡಿಸಿದರು.

ತೊಡೆ ಮೂಳೆಯ ತುದಿ ಒಂದು ಗುಂಡು, ಅದು ಬಟ್ಟಲಿನಂಥ ಗುಳಿಯಲ್ಲಿ ಕೂತಿರುತ್ತದೆ. ಬಟ್ಟಲಿನ ಅಂಚಿಗೆ ಒಂದು ಪಟ್ಟಿ, ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ಥರ. ಅದು ಲೇಬ್ರಮ್. ಒಳಗಿನ ದ್ರವ ಆಚೆ ಬರದ ಹಾಗೆ ಅದು ಹಿಡಿದಿಡುತ್ತದೆ. ನನ್ನ ಗುಂಡು ಪೂರ್ತಿ ಗುಂಡಗಿಲ್ಲ, ಅದರ ಕೆಳಗೆ ಮೂಳೆ ಕುತ್ತಿಗೆಯ ಹಾಗೆ ಸಣ್ಣಗಾಗುವ ಕಡೆ ಒಂದು ಉಬ್ಬಿದೆ. ಕಾಲು ಮಡಿಚಿದಾಗಲೆಲ್ಲ ಆ ಉಬ್ಬು ಬಟ್ಟಲೊಳಗೆ ನುಗ್ಗಿ ಪಟ್ಟಿಯನ್ನೂ ಪಕ್ಕದ ಕಾರ್ಟಿಲೇಜನ್ನೂ ತಳ್ಳುತ್ತಾ ಬಂದಿತ್ತು. ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಆಡಿದವರಲ್ಲಿ ಇಂಥ ಉಬ್ಬು ಹೆಚ್ಚು ಕಾಣುತ್ತದೆ ಅಂದರು. ಕೇಳಿ ಎದೆ ಭಾರವಾಯಿತು. ನಮ್ಮ ಕೋಚ್ ಸರ್ ಮೇಲೆ ಒಂದು ಕ್ಷಣ ಸಿಟ್ಟೂ ಬಂತು. ಆದರೆ ಸ್ವಿಟ್ಜರ್ಲೆಂಡಿನ ಸರ್ಜನ್ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು ಈ ಉಬ್ಬಿನಿಂದಲೇ ಕೀಲು ಸವೆಯುತ್ತದೆ ಅಂತ ವಿವರವಾಗಿ ಬರೆದದ್ದು 2003ರಲ್ಲಿ. ಅದು ನಾನು ಆಟ ಶುರು ಮಾಡಿದ ವರ್ಷ. ನಮ್ಮೂರಿನ ಮೈದಾನದಲ್ಲಿ ಸೀಟಿ ಊದುತ್ತಿದ್ದ ಸರ್‌ಗೆ ಅದು ಹೇಗೆ ಗೊತ್ತಿರಬೇಕು?

2025ರ ಜನವರಿ 8, ಬುಧವಾರ. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಪಾದಕ್ಕೆ ಬೂಟಿನಂಥದ್ದು ಕಟ್ಟಿ ಕಾಲು ಎಳೆಯುತ್ತಾರೆ, ಗುಂಡು ಬಟ್ಟಲಿನಿಂದ ಒಂದು ಸೆಂಟಿಮೀಟರಿನಷ್ಟು ಬಿಟ್ಟುಕೊಂಡರೆ ಕ್ಯಾಮೆರಾಗೆ ಜಾಗ. ಹಾಗೆ ತುಂಬಾ ಹೊತ್ತು ಎಳೆದಿಟ್ಟರೆ ನರಕ್ಕೆ ತೊಂದರೆ, ಅದಕ್ಕೇ ಗಡಿಯಾರ ನೋಡಿಕೊಂಡೇ ಕೆಲಸ. ಇದೆಲ್ಲ ಮೊದಲೇ ಹೇಳಿದ್ದರು. ನನಗೆ ನೆನಪಿರುವುದು ಮುಖದ ಮೇಲಿನ ಮಾಸ್ಕ್ ಮಾತ್ರ.

ಎಚ್ಚರವಾದಾಗ ಗಂಟಲು ಒಣಗಿತ್ತು, ಪಾದ ನೋಯುತ್ತಿತ್ತು, ತೊಡೆಸಂದು ಮರಗಟ್ಟಿತ್ತು. ಪಕ್ಕದಲ್ಲಿ ಅಕ್ಕ.

"ಎಷ್ಟು ವಾರ?" ಅಂದೆ.

ಅಕ್ಕ ಕೈ ಹಿಡಿದುಕೊಂಡಳು. ಮಾತಾಡಲಿಲ್ಲ. ಅಷ್ಟಕ್ಕೇ ಗೊತ್ತಾಯಿತು.

ಸಂಜೆ ಡಾಕ್ಟರು ಫೋಟೋ ತಂದರು. ಹಳೇ ಗೋಡೆಯ ಸುಣ್ಣ ಹಕ್ಕಳೆ ಎದ್ದ ಹಾಗೆ ಬಿಳಿ ಕಾರ್ಟಿಲೇಜ್ ಮೂಳೆ ಬಿಟ್ಟು ಎದ್ದಿತ್ತು. ಎದ್ದದ್ದನ್ನು ಕೆರೆದು ತೆಗೆದು, ಕೆಳಗಿನ ಮೂಳೆಗೆ ಕೆಲವೇ ಮಿಲಿಮೀಟರ್ ಅಂತರದಲ್ಲಿ ಸಣ್ಣ ತೂತುಗಳನ್ನು ಹಾಕಿದ್ದರು. ಪಟ್ಟಿಯನ್ನು ದಾರದಿಂದ ಅಂಚಿಗೆ ಬಿಗಿದು, ಉಬ್ಬನ್ನು ಉಜ್ಜಿ ತೆಗೆದಿದ್ದರು. ಒಂದು ಫೋಟೋದಲ್ಲಿ ತೂತುಗಳಿಂದ ರಕ್ತ ಜಿನುಗುತ್ತಿತ್ತು. "ಇದೇ ನಮಗೆ ಬೇಕಿದ್ದಿದ್ದು" ಅಂತ ಅದನ್ನೇ ತೋರಿಸಿದರು. ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ರಕ್ತ ಬಾರದ ಕಡೆ ಗಾಯ ಮಾಯುವುದಿಲ್ಲ. ಅದಕ್ಕೇ ಮೂಳೆಯೊಳಗಿನ ಮಜ್ಜೆಯಿಂದ ರಕ್ತ ಬರಿಸಬೇಕು. ಅದು ಹೆಪ್ಪುಗಟ್ಟಿ ನಿಧಾನವಾಗಿ ಹೊಸ ಪದರ ಆಗುತ್ತದೆ. ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಮಂಡಿಗೆ ಶುರು ಮಾಡಿದ ವಿಧಾನ ಇದು. ಹೊಸ ಪದರ ಹುಟ್ಟಿನಿಂದ ಬಂದದ್ದರಷ್ಟು ಒಳ್ಳೆಯದಲ್ಲ, ಎಷ್ಟು ವರ್ಷ ಬರುತ್ತದೆ ಅಂತ ಮಾತು ಕೊಡಲಾರೆ ಅಂತಲೂ ಹೇಳಿದರು. ಸುಮ್ನೆ ಧೈರ್ಯ ಹೇಳದೆ ಹೀಗೆ ನೇರವಾಗಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು.

ಆ ಹೆಪ್ಪು ಕದಲಬಾರದು. 6 ವಾರ ಅನ್ನುವುದು ಅದಕ್ಕೇ. ಮರುದಿನ ಎಬ್ಬಿಸಿ ನಿಲ್ಲಿಸಿದ ಫಿಸಿಯೋ ಹುಡುಗಿ, "ಮ್ಯಾಮ್, ಪಾದದ ಕೆಳಗೆ ಹಪ್ಪಳ ಇದೆ ಅಂದ್ಕೊಳ್ಳಿ. ಪಾದ ಇಡಿ, ಹಪ್ಪಳ ಮುರೀಬಾರದು" ಅಂದಳು. ಇಷ್ಟು ವರ್ಷ ಮಕ್ಕಳಿಗೆ ಓಡು, ಜಿಗಿ, ಬೀಳು ಅಂತ ಕಲಿಸಿದ ನಾನು ಬಾತ್‌ರೂಮಿನ ತನಕ 10 ಹೆಜ್ಜೆ ಹಪ್ಪಳದ ಮೇಲೆ ನಡೆದೆ. ನಾಲ್ಕನೇ ಹೆಜ್ಜೆಗೇ ಬೆವರು.

ಮನೆಗೆ ಬಂದೆ. ಚಕ್ಕಂಬಕ್ಕಳ ಬಂದ್, ನೆಲದ ಮೇಲೆ ಕೂರುವುದೇ ಬಂದ್. ಸಂಕ್ರಾಂತಿಗೆ ಅಮ್ಮ ಎಳ್ಳು ಬೆಲ್ಲ ಬೆರೆಸುವ ತಟ್ಟೆಯನ್ನು ಎತ್ತರದ ಟೇಬಲ್ ಮೇಲೆ ಇಟ್ಟುಕೊಟ್ಟರು, ನಾನು ಎತ್ತರದ ಕುರ್ಚಿಯಲ್ಲಿ ಕೂತು ಕೊಬ್ಬರಿ ಹೆಚ್ಚಿದೆ.

ಜನವರಿ 19ರ ರಾತ್ರಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್. ದಿನಾ ಸ್ವಲ್ಪ ಹೊತ್ತು ಬೋರಲು ಮಲಗಬೇಕು ಅಂದಿದ್ದರು, ಕೀಲಿನ ಮುಂಭಾಗ ಬಿಗಿಯಬಾರದು ಅಂತ. ಆ ಹೊತ್ತನ್ನು ಮ್ಯಾಚಿಗೆಂದೇ ಉಳಿಸಿಕೊಂಡು, ದಿಂಬಿಗೆ ಗದ್ದ ಊರಿ ಟಿವಿ ನೋಡಿದೆ. ನಮ್ಮ ತಿ. ನರಸೀಪುರದ ಕಡೆಯ ಚೈತ್ರಾ ಆಡುತ್ತಿದ್ದಳು. ನಮ್ಮ ಹುಡುಗಿಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಸಾಲಿನಲ್ಲಿ ಕೂತ ಹುಡುಗಿಯ ಬೆನ್ನಿಗೆ ಕೈ ಬಿದ್ದಾಗಲೆಲ್ಲ ನನ್ನ ಬಲಗಾಲಿನ ಬೆರಳು ತಾನಾಗೇ ಹಾಸಿಗೆಗೆ ಒತ್ತುತ್ತಿತ್ತು. ಅಕ್ಕ ಬಂದು ಪಾದದ ಮೇಲೆ ಕೈ ಇಟ್ಟು ಕೂತಳು.

"ಹಪ್ಪಳ" ಅಂದಳು.

ಬೆರಳು ಸಡಿಲ ಬಿಟ್ಟೆ.