ಹಸಿರು ಶನಿವಾರ

ಹೇರ್ ಕಲರಿನ ಶೇಡ್ ಕಾರ್ಡ್ ಬಿಚ್ಚಿದರೆ ಈಗಲೂ ನನ್ನ ಕಣ್ಣು ಮೊದಲು ಹೋಗುವುದು 4.1ರ ಮೇಲೆ, ಅಂದರೆ ಬೂದಿ ಛಾಯೆಯ ಕಂದಿನ ಮೇಲೆ. ಕಾರ್ಡಿನಲ್ಲಿ ಆ ನೈಲಾನ್ ಕುಚ್ಚು ಎಷ್ಟು ಸಾಧುವಾಗಿ ಕೂತಿರುತ್ತದೆ ಅಂದರೆ, ಮೂರು ಜನ ಕಸ್ಟಮರ್ ಮುಂದೆ ನನ್ನ ಮಾನ ಕಳೆದದ್ದು ಇದೇ ಅಂದರೆ ಯಾರೂ ನಂಬಲ್ಲ.

ದಾವಣಗೆರೆಯ ವಿದ್ಯಾನಗರದ ಕಡೆ ಒಂದು ಸಲೂನಿನಲ್ಲಿ ಕಲರ್ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಕಪ್ಪು ಕೂದಲನ್ನು ಬೆಳ್ಳಗೆ ಮಾಡುವುದು ಕಷ್ಟ, ಬೆಳ್ಳಗಿರುವುದನ್ನು ಕಪ್ಪಗೆ ಮಾಡುವುದು ಸುಲಭ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಹನ್ನೊಂದು ವರ್ಷ ಆದವಳೂ ಒಂದು ಮಧ್ಯಾಹ್ನ ಹಾಗೇ ಅಂದುಕೊಂಡಳು, ಅದೇ ಈ ಕಥೆ.

ಏಪ್ರಿಲ್ ತಿಂಗಳ ಶನಿವಾರ. ಮದುವೆ ಸೀಸನ್. ಫೇಷಿಯಲ್ ರೂಮ್ ಫುಲ್, ಮೂರೂವರೆಗೆ ಒಬ್ಬ ಬ್ರೈಡ್, ಐದಕ್ಕೆ ಇನ್ನೊಬ್ಬಳು. ಹೊರಗೆ ನಮ್ಮೂರ ಬಿಸಿಲು, ಒಳಗೆ ಎರಡರಲ್ಲಿ ಒಂದು ಏಸಿ ಕೆಟ್ಟಿತ್ತು. ಒಂದೂವರೆಗೆ ಮೇಡಂ ಬಂದರು. ಕಾಲೇಜಿನಲ್ಲಿ ಲೆಕ್ಚರರ್. ಬೆಂಗಳೂರಿನಲ್ಲಿದ್ದಾಗ ಮೊದಲ ಸಲ ಬ್ಲಾಂಡ್ ಹೈಲೈಟ್ ಹಾಕಿಸಿದ್ದರಂತೆ. ಇಲ್ಲಿಗೆ ಬಂದ ಮೇಲೆ ಏಳು ವರ್ಷದಿಂದ ನನ್ನ ಹತ್ತಿರವೇ ಟಚಪ್. ಅಂದರೆ ಆ ತಲೆಗೆ ಯಾವಾಗ ಎಷ್ಟು ಬ್ಲೀಚ್ ಬಿದ್ದಿದೆ ಅನ್ನೋ ಜಾತಕ ಪೂರ್ತಿ ನನಗೆ ಗೊತ್ತು. ಬೇರೆ ಪಾರ್ಲರಿನವರು ಹಾಳು ಮಾಡಿದ್ದು ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

"ಸಾಕಾಗಿದೆ ಕಣ್ರೀ," ಅಂದರು. "ಬಾಚಿದರೆ ಒಣ ಹುಲ್ಲಿನ ಹಾಗೆ ತುಂಡು ತುಂಡು ಬೀಳುತ್ತೆ. ಮೊನ್ನೆ ಮಗಳು ಡ್ರಾಯಿಂಗ್‌ನಲ್ಲಿ ನನ್ನ ತಲೆಗೆ ಹಳದಿ ಕ್ರೇಯಾನ್ ಬಳಿದಿದ್ದಾಳೆ. ಅಮ್ಮನ ಕೂದಲು ಹಳದಿನೇ ಅಂತ ಅವಳ ಲೆಕ್ಕ."

ಪರ್ಸ್‌ನಿಂದ ಒಂದು ಹಳೇ ಐಡಿ ಕಾರ್ಡ್ ತೆಗೆದರು. ಲ್ಯಾಮಿನೇಷನ್ ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಫೋಟೋದಲ್ಲಿ ನೆರಳಲ್ಲಿ ಕಪ್ಪು, ಬೆಳಕಲ್ಲಿ ಕಂದು ಅನ್ನುವಂಥ ಕೂದಲು. 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ ಬ್ಲಾಂಡ್ ಅನ್ನುವ ನಮ್ಮ ಲೆಕ್ಕದಲ್ಲಿ ಲೆವೆಲ್ 4. "ಇದು ಬೇಕು. ಕೆಂಪು ಮಾತ್ರ ಬೇಡ್ರೀ, ಮೆಹಂದಿ ಹಚ್ಚಿದ ಅಜ್ಜಿ ತರ ಆಗುತ್ತೆ."

ಕೆಂಪು ಬೇಡ ಅಂದ ಕೂಡಲೇ ನನ್ನ ತಲೆಯಲ್ಲಿ ಆ್ಯಶ್, ಅಂದರೆ ಕೆಂಪು ತೋರಿಸದ ಬೂದಿ ಛಾಯೆ, ಅಂತ ಗಂಟೆ ಹೊಡೆಯಿತು. ಮೊದಲ ತಪ್ಪು ಅಲ್ಲೇ ಆಗಿದ್ದು.

ಐದಾರು ತಿಂಗಳಿಂದ ಅವರು ಟಚಪ್ ನಿಲ್ಲಿಸಿದ್ದರು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಬುಡದಲ್ಲಿ ಆರು ಸೆಂಟಿಮೀಟರಿನಷ್ಟು ಅವರದೇ ಬಣ್ಣ ಬಂದಿತ್ತು. ಅದರ ಕೆಳಗೆ ಪೂರ್ತಿ ಲೆವೆಲ್ 9ರ ಹಳದಿ. ಸುಮ್ನೆ ಬೆಳೆಯಲು ಬಿಟ್ಟರೆ ಅವರ ಉದ್ದಕ್ಕೆ ಮೂರು ವರ್ಷದ ಮೇಲೆ ಬೇಕು. ಅಷ್ಟು ದಿನ ಎರಡು ಬಣ್ಣದ ತಲೆ ಇಟ್ಟುಕೊಂಡು ಯಾರು ಕ್ಲಾಸಿಗೆ ಹೋಗುತ್ತಾರೆ?

ರಿಸೆಪ್ಷನ್‌ನಲ್ಲಿ ಇದನ್ನು ಗ್ಲೋಬಲ್ ಕಲರ್, ಅಂದರೆ ತಲೆಗೆಲ್ಲ ಒಂದೇ ಬಣ್ಣ, ಅಂತ ಹಾಕಿದ್ದರು. ತೊಂಬತ್ತು ನಿಮಿಷದ ಸ್ಲಾಟ್. ಓನರ್ ಹಿಂದಿನಿಂದ ಬಂದು ಮೆಲ್ಲಗೆ, "ಬ್ಲಾಂಡ್ ಮೇಲೆ ಬ್ರೌನ್ ತಾನೆ? ಒಂದೇ ಸ್ಟೆಪ್‌ನಲ್ಲಿ ಮುಗಿಸು. ಮೂರೂವರೆ ಬ್ರೈಡ್ ನಿನ್ನನ್ನೇ ಕೇಳಿದ್ದಾಳೆ" ಅಂದರು. ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು, ಎಷ್ಟೋ ಸಲ ತೊಳೆದುಕೊಂಡಿದ್ದೂ ಇದೆ. ಆದರೆ ಬೌಲಿನಲ್ಲಿ ಕಲಸಿದವಳು ನಾನು.

ಗೊತ್ತಿರಲಿಲ್ಲ ಅಂತಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಬ್ಲೀಚ್ ಹಾಕುವಾಗ ಕಪ್ಪು ಕೂದಲು ಕೆಂಪಾಗಿ, ಕಿತ್ತಳೆಯಾಗಿ, ಕೊನೆಗೆ ಹಳದಿಯಾಗುವುದನ್ನು ಫಾಯಿಲ್ ಬಿಚ್ಚಿ ಬಿಚ್ಚಿ ದಿನಾ ನೋಡುತ್ತೇನೆ. ಲೆವೆಲ್ 9ಕ್ಕೆ ಬರುವಷ್ಟರಲ್ಲಿ ಒಳಗಿನ ಕೆಂಪು ಖಾಲಿ. ಕಂದು ಬಣ್ಣ ನಿಲ್ಲಬೇಕಾದರೆ ಆ ಕೆಂಪು ಒಳಗೆ ಇರಲೇಬೇಕು. ಇಲ್ಲದಿದ್ದರೆ ಮೊದಲು ಕಾಪರ್, ಗೋಲ್ಡ್ ಹಚ್ಚಿ ತುಂಬಬೇಕು, ಆಮೇಲೆ ಬ್ರೌನ್. ಫಿಲ್ಲರ್ ಹಾಕದೆ ಹಳದಿ ಮೇಲೆ ಆ್ಯಶ್ ಹಾಕಿದರೆ, ಆ್ಯಶ್ ಒಳಗಿರುವುದು ನೀಲಿ. ಹಳದಿಗೆ ನೀಲಿ ಸೇರಿದರೆ ಏನಾಗುತ್ತೆ ಅಂತ ಕ್ರೇಯಾನ್ ಹಿಡಿಯುವ ಆ ಮಗುವಿಗೂ ಗೊತ್ತು.

ಮತ್ತೆ ಯಾಕೆ ಬಿಟ್ಟೆ? ಅದರ ಹಿಂದಿನ ತಿಂಗಳು ಇಂಥವೇ ಎರಡು ತಲೆ ಒಂದೇ ಸ್ಟೆಪ್‌ನಲ್ಲಿ ಮಾಡಿದ್ದೆ. ಎರಡೂ ಚೆನ್ನಾಗಿ ಬಂದಿದ್ದವು. ಅವು ಕ್ಯಾರಮೆಲ್ ಹೈಲೈಟ್, ಲೆವೆಲ್ 7, ಒಳಗೆ ಬೇಕಾದಷ್ಟು ಕಿತ್ತಳೆ ಇತ್ತು, ನಾನು ಹಾಕಿದ್ದೂ 4.3, ಅಂದರೆ ಆ್ಯಶ್ ಅಲ್ಲ, ಗೋಲ್ಡ್ ಛಾಯೆಯ ಕಂದು. ಅದನ್ನು ಮರೆತೆ. "ಒಂದೇ ಸ್ಟೆಪ್‌ನಲ್ಲಿ ಬರುತ್ತೆ" ಅನ್ನುವುದಷ್ಟೇ ತಲೆಯಲ್ಲಿ ಉಳಿದಿತ್ತು.

ಅಸಿಸ್ಟೆಂಟ್ ಹುಡುಗಿ ಸೇರಿ ನಾಲ್ಕು ತಿಂಗಳಾಗಿತ್ತು. "ಅಕ್ಕಾ, ಸ್ಟ್ರಾಂಡ್ ಟೆಸ್ಟ್ ಮಾಡ್ಲಾ?" ಅಂದಳು.

"ಟೈಮಿಲ್ಲ ಬಿಡು, ಇವರ ಕೂದಲು ನನಗೆ ಗೊತ್ತು."

ಅಲರ್ಜಿ ಆಗಬಾರದು ಅಂತ ಗುರುವಾರವೇ ಕಿವಿ ಹಿಂದೆ ಪ್ಯಾಚ್ ಟೆಸ್ಟ್ ಹಾಕಿ 48 ಗಂಟೆ ಕಾದಿದ್ದೆವು. ಅದಕ್ಕೆ ಎರಡು ದಿನ ಇತ್ತು. ಕುತ್ತಿಗೆ ಹತ್ತಿರದ ನಾಲ್ಕು ಎಳೆ ಹಿಡಿದು ನೋಡಲು ಅರ್ಧ ಗಂಟೆ ಇರಲಿಲ್ಲ.

4.1 ಕ್ರೀಮ್, ಅದನ್ನು ಕೂದಲಿಗೆ ಹಿಡಿಸುವ 20 ವಾಲ್ಯೂಮ್ ಡೆವಲಪರ್, ಒಂದು ಪಾಲಿಗೆ ಒಂದೂವರೆ ಪಾಲು. ಬುಡ ಬಿಟ್ಟು ಸೆಕ್ಷನ್ ತೆಗೆದು ಹಚ್ಚಿದೆವು. ಇಪ್ಪತ್ತು ನಿಮಿಷಕ್ಕೆ ಹತ್ತಿಯಲ್ಲಿ ಒಂದು ಎಳೆ ಒರೆಸಿ ನೋಡಿದೆ. ಕಪ್ಪಗೆ ಕಂಡಿತು. ಕ್ರೀಮ್ ಮೆತ್ತಿದ ಕೂದಲು ಕಪ್ಪಗೆ ಕಾಣದೆ ಇನ್ನೇನು? ಆದರೂ ಖುಷಿಯಾಗಿ ಬ್ರೈಡ್‌ಗೆ ಬೇಕಾದ ಪಿನ್ ಜೋಡಿಸಿಡಲು ಹೋದೆ.

ಮೂವತ್ತೈದನೇ ನಿಮಿಷಕ್ಕೆ ಬೇಸಿನ್. ಹುಡುಗಿ ತೊಳೆಯುತ್ತಿದ್ದಳು, ನಾನು ಎರಡು ಹೆಜ್ಜೆ ಆಚೆ ನಿಂತು ಫೋನ್ ನೋಡುತ್ತಿದ್ದೆ. ನೀರಿನ ಸದ್ದು ನಿಂತಿತು. ತಲೆ ಎತ್ತಿದರೆ ಅವಳ ಕೈ ಕೂದಲೊಳಗೆ ಹಾಗೇ ನಿಂತಿದೆ. ನನ್ನ ಕಡೆ ನೋಡಿದಳು. ಬಾಯಿ ಬಿಡಲಿಲ್ಲ, ಹುಬ್ಬು ಮಾತ್ರ ಮೇಲೆ ಹೋಯಿತು. ಹೋಗಿ ಬಗ್ಗಿ ನೋಡಿದೆ. ಟ್ಯೂಬ್‌ಲೈಟ್ ಬೆಳಕಿಗೆ ಹಾಗೆ ಕಾಣ್ತಿದೆ ಅಂದುಕೊಂಡೆ. ಒದ್ದೆ ಇದೆ ಅಂದುಕೊಂಡೆ. ಟವೆಲ್ ಸುತ್ತಿ ಕನ್ನಡಿ ಮುಂದೆ ತಂದು ಕೂರಿಸಿದೆ.

ಟವೆಲ್ ಬಿಚ್ಚಿದೆ. ಬುಡದಲ್ಲಿ ಕಂದು. ತುದಿಯಲ್ಲಿ ಕಪ್ಪು, ಯಾಕೆಂದರೆ ವರ್ಷಗಟ್ಟಲೆ ಬ್ಲೀಚ್ ಕುಡಿದ ತುದಿ ಸ್ಪಂಜಿನ ಹಾಗೆ ಬಣ್ಣವನ್ನೂ ಹೀರಿಕೊಂಡಿತ್ತು. ನಡುವೆ ಒಂದು ಗೇಣು ಪಾಚಿ. ಚಿತ್ರದುರ್ಗದ ಕೋಟೆ ಮೇಲೆ ಹೊಂಡದ ನೀರು ನೋಡಿದವರಿಗೆ ಆ ಬಣ್ಣ ಬಿಡಿಸಿ ಹೇಳಬೇಕಾಗಿಲ್ಲ.

ಆಗಲೂ ನಿಜ ಹೇಳಲಿಲ್ಲ. "ಒಣಗಿದ ಮೇಲೆ ಸರಿ ಹೋಗುತ್ತೆ ಮೇಡಂ" ಅಂದು ಡ್ರೈಯರ್ ಹಿಡಿದೆ. ಹತ್ತು ನಿಮಿಷ. ನನ್ನ ಕೆಲಸದಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಇನ್ನೊಂದಿಲ್ಲ. ಒಣಗುತ್ತಾ ಹೋದ ಹಾಗೆ ಹಸಿರು ಎದ್ದು ಬಂತು. ನನ್ನ ಬೆನ್ನು ಬೆವೆತು ಟೀ ಶರ್ಟ್ ಅಂಟಿಕೊಂಡಿತ್ತು. ಅಷ್ಟರಲ್ಲಿ ಮೂರೂವರೆ ಬ್ರೈಡ್, ಅವಳಮ್ಮ, ಚಿಕ್ಕಮ್ಮ ಬಂದು ಸೋಫಾದಲ್ಲಿ ಕೂತರು. ಮೂವರೂ ಕನ್ನಡಿಯನ್ನೇ ನೋಡುತ್ತಿದ್ದಾರೆ. ಚಿಕ್ಕಮ್ಮ ಬ್ರೈಡ್ ಕಿವಿಯಲ್ಲಿ ಏನೋ ಅಂದರು.

ಮೇಡಂ ಕೂಗಾಡಲಿಲ್ಲ. ಕೇಪ್ ಒಳಗಿಂದ ಕೈ ತೆಗೆದು ಐಡಿ ಕಾರ್ಡನ್ನು ಕೆನ್ನೆ ಪಕ್ಕ ಹಿಡಿದುಕೊಂಡರು. ಕನ್ನಡಿಯಲ್ಲಿ ಕಾರ್ಡ್ ನೋಡಿದರು, ಕೂದಲು ನೋಡಿದರು, ನನ್ನನ್ನು ನೋಡಿದರು.

"ನನ್ನ ಪ್ರಕಾರ ಇದು ಹಸಿರು. ನಿಮ್ಮ ಪ್ರಕಾರ?"

ವೈವಾದಲ್ಲಿ ಉತ್ತರ ಬರದ ಸ್ಟೂಡೆಂಟ್ ತರ ನಿಂತೆ. "ಹಸಿರೇ ಮೇಡಂ," ಅಂದೆ. "ತಪ್ಪು ನಂದು."

ಅಷ್ಟು ಅಂದ ಮೇಲೆ ಉಸಿರಾಡಲು ಆಯಿತು. ಬ್ರೈಡ್‌ನ ಇನ್ನೊಬ್ಬಳಿಗೆ ಒಪ್ಪಿಸಿದೆ. ಓನರ್ ಮುಖ ನೋಡಲು ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಮೇಡಂ ಪಕ್ಕ ಕೂತು, ಕೆಂಪು ಬೇಡ ಅಂದವರಿಗೆ ಈಗ ಕೆಂಪನ್ನೇ ಹಚ್ಚಬೇಕು ಅಂತ ಹೇಗೆ ಹೇಳುವುದು ಅಂತ ಯೋಚಿಸಿದೆ. ಕೊನೆಗೆ ಇದ್ದದ್ದನ್ನೇ ಹೇಳಿದೆ. "ಏಳು ವರ್ಷದಿಂದ ನಿಮ್ಮ ಕೂದಲಿನ ಕೆಂಪನ್ನು ನಾನೇ ತೆಗೀತಾ ಬಂದಿದ್ದೀನಿ ಮೇಡಂ. ಅದನ್ನು ವಾಪಸ್ ಕೊಡದೆ ಕಂದು ಕೇಳಿದರೆ ಅದು ಕೊಡಲ್ಲ."

"ಇದನ್ನು ಒಂದೂವರೆಗೇ ಹೇಳಬಹುದಿತ್ತು ಅಲ್ವಾ?" ಅಂದರು. ಹೌದು. ಹೇಳಬಹುದಿತ್ತು.

ಡೀಟಾಕ್ಸ್ ಶಾಂಪೂ ಎರಡು ಸಲ. ಅವರ ಮನೆಯಲ್ಲಿ ಬೋರ್ ನೀರು. ನಲ್ಲಿ ಬಾಯಿಗೆ ಬಿಳಿ ಕಟ್ಟುವಂಥ ನೀರು ಕೂದಲಿಗೂ ಕಟ್ಟಿರುತ್ತದೆ. ಅದನ್ನೂ ಮೊದಲೇ ತೆಗೆಯಬೇಕಿತ್ತು. ಆಮೇಲೆ ಡೆಮಿಯಲ್ಲಿ, ಅಂದರೆ ಪರ್ಮನೆಂಟ್ ಅಲ್ಲದ ಮೆತ್ತನೆ ಬಣ್ಣದಲ್ಲಿ, ಕಾಪರ್ ಛಾಯೆಯ 6.4ಕ್ಕೆ ಸ್ವಲ್ಪ ಗೋಲ್ಡ್ ಛಾಯೆಯ 6.3 ಸೇರಿಸಿ, ಕಮ್ಮಿ ವಾಲ್ಯೂಮ್ ಡೆವಲಪರ್ ಹಾಕಿ, ನಡುವಿನ ಪಾಚಿಗೆ ಮಾತ್ರ. ಈ ಸಲ ಮೊದಲು ಒಂದೇ ಎಳೆ. ಅದನ್ನು ತೊಳೆದು, ಒಣಗಿಸಿ, ಬಾಗಿಲ ಹತ್ತಿರ ಹಗಲು ಬೆಳಕಿಗೆ ಹಿಡಿದು ನೋಡಿದೆವು. ಹಸಿರು ಸತ್ತು ಕಂದು ಮಿಶ್ರಿತ ತಾಮ್ರ ಆಗಿತ್ತು. ಹುಡುಗಿ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ತುದಿ ಎರಡು ಇಂಚು ಕಟ್. ಅದು ಮೇಡಂ ಅವರೇ ಹೇಳಿದ್ದು.

ತಲೆಯಲ್ಲಿ ತಾಮ್ರದ ಕ್ರೀಮ್ ನೋಡಿ ಮೇಡಂ ಕಣ್ಣು ಮುಚ್ಚಿಕೊಂಡರು. ಸಂಜೆ ಐದೂವರೆ. ಬೆಳಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ ಅಂತ ಆಗ ಗೊತ್ತಾಯಿತು. ಹುಡುಗಿ ಓಡಿಹೋಗಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದಳು. ಕೇಪ್ ಮೇಲೆ ಪೇಪರ್ ಹಾಸಿಕೊಂಡು, ಕ್ರೀಮ್ ತಾಗದ ಹಾಗೆ ಕತ್ತು ನೆಟ್ಟಗೆ ಇಟ್ಟುಕೊಂಡು, ಮಿರ್ಚಿ ಕಚ್ಚುತ್ತಾ, "ಇದಾದರೂ ಸರಿಯಾದ ಬಣ್ಣಕ್ಕೆ ಬಂದಿದೆ" ಅಂದರು. ನಗಬೇಕೋ ಬೇಡವೋ ಗೊತ್ತಾಗದೆ ನಾನು ಟೈಮರ್ ನೋಡಿದೆ.

ಅದರ ಮೇಲೆ 5.0 ಮತ್ತು 5.3 ಅರ್ಧರ್ಧ, ಅದೂ ಡೆಮಿ. 4ಕ್ಕೆ ಹೋಗುವ ಧೈರ್ಯ ಮಾಡಲಿಲ್ಲ. ತೂತು ಬಿದ್ದ ಕೂದಲು ಹೇಗೂ ಒಂದು ಲೆವೆಲ್ ಕಪ್ಪಗೇ ತೋರಿಸುತ್ತದೆ. ಎಂಟು ಗಂಟೆಗೆ ಎದ್ದರು. ಐಡಿ ಕಾರ್ಡಿನ ಕೂದಲಲ್ಲ, ಆದರೆ ಅದರ ಅಕ್ಕ ತಂಗಿ ಅನ್ನಬಹುದಿತ್ತು. ಬಿಲ್ ಮಾಡಲಿಲ್ಲ. ಟ್ಯೂಬಿನ ದುಡ್ಡು ನನ್ನ ಇನ್ಸೆಂಟಿವ್‌ನಲ್ಲಿ ಕಟ್ ಆಯಿತು. ಕೆಟ್ಟ ಏಸಿ ಯಾರ ಇನ್ಸೆಂಟಿವ್‌ನಲ್ಲಿ ಕಟ್ ಆಗುತ್ತೆ ಅಂತ ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ.

ಮೂರೇ ವಾರಕ್ಕೆ ನಡುವೆ ಬಣ್ಣ ಇಳಿದು ತಾಮ್ರ ಇಣುಕಿತು. ಹೀಗಾಗುತ್ತೆ ಅಂತ ಈ ಸಲ ಮೊದಲೇ ಹೇಳಿಟ್ಟಿದ್ದೆ, ಹಾಗಾಗಿ ಮೇಡಂ ಗಾಬರಿಯಾಗದೆ ಬಂದರು. ಬ್ಲೀಚ್ ತಿಂದ ಕೂದಲು ಬಣ್ಣವನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಕಕ್ಕುತ್ತದೆ. ಇನ್ನೆರಡು ಸಲ ಗ್ಲಾಸ್, ಅಂದರೆ ಹೊಳಪು ಕೊಡುವ ತೆಳು ಬಣ್ಣ, ಹಾಕಿದ ಮೇಲೆ ನಿಂತಿತು. ಈಗ ಮೂರು ತಿಂಗಳಿಗೊಮ್ಮೆ ತುದಿ ಕತ್ತರಿಸಲು ಮಾತ್ರ ಬರುತ್ತಾರೆ. ಪ್ರತಿ ಸಲ ಕುರ್ಚಿಯಲ್ಲಿ ಕೂರುವ ಮುಂಚೆ, "ಇವತ್ತು ಯಾವ ಬಣ್ಣ?" ಅಂತ ಹುಡುಗಿಯನ್ನು ಕೇಳುತ್ತಾರೆ, ನನ್ನನ್ನಲ್ಲ.

ಬ್ಲಾಂಡ್‌ನಿಂದ ಬ್ರೌನ್ ಅಂದರೆ ಅರ್ಧ ದಿನ ಕೊಡಿ, ಒಂದೇ ಸಿಟ್ಟಿಂಗ್ ಅಂತ ಕಸ್ಟಮರ್‌ಗೆ ಹೇಳಬೇಡಿ ಅಂತ ಮೀಟಿಂಗ್‌ನಲ್ಲಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಬುಕಿಂಗ್ ಆ್ಯಪ್‌ನಲ್ಲಿ ಕರೆಕ್ಷನ್ ಅನ್ನುವ ಆಪ್ಷನ್ನೇ ಇಲ್ಲ. ರಿಮಾರ್ಕ್ಸ್‌ನಲ್ಲಿ ಬರೆದರೆ ರಿಸೆಪ್ಷನ್ ಸ್ಕ್ರೀನಿನಲ್ಲಿ ಅದು ಕಾಣುವುದಿಲ್ಲ. ಕಂಪನಿಯವರಿಗೆ ಫೋನ್ ಮಾಡಿದರೆ ಮುಂದಿನ ಅಪ್‌ಡೇಟ್ ಅಂತಾರೆ.

ಹೋದ ವಾರ ಬೆಳಗ್ಗೆ ಟ್ಯಾಬ್ ತೆರೆದೆ. ಶನಿವಾರ ಎರಡು ಗಂಟೆ, ಗ್ಲೋಬಲ್ ಕಲರ್, ತೊಂಬತ್ತು ನಿಮಿಷ, ಅದರ ಹಿಂದೆಯೇ ಮೂರೂವರೆಗೆ ಬ್ರೈಡ್. ಯಾರು ಅಂತ ಫೋನ್ ಮಾಡಿ ಕೇಳಿದರೆ, "ಹೈಲೈಟ್ ತೆಗೆಸಿ ನ್ಯಾಚುರಲ್ ಮಾಡಿಸ್ಬೇಕಿತ್ತು ಅಕ್ಕಾ" ಅಂತ ಒಂದು ಹುಡುಗಿ. ಟ್ಯಾಬ್ ಕೈಯಲ್ಲಿ ಹಿಡಿದುಕೊಂಡೇ ಓನರ್ ರೂಮಿಗೆ ನಡೆದೆ.