ಬಿ ಟೀಮಿನ ಆಟ ಯಾಕೆ ನೋಡ್ತೀರಿ ಎನ್ನುವವರಿಗೆ

ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡೆಮೋಯ್ನ್‌ನಲ್ಲಿ ನಾನು ನೆಲೆಸಿ ಹದಿನೈದು ವರ್ಷ ದಾಟಿತು. ಈ ಅವಧಿಯಲ್ಲಿ ಗೆಳೆಯರ ಗೃಹಪ್ರವೇಶಗಳಲ್ಲಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ನನಗೆ ಎದುರಾದ ಪ್ರಶ್ನೆ ಒಂದೇ: “ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ನೋಡೋದೇನೋ ಸರಿ, ಆದ್ರೆ ಮೈನರ್ ಲೀಗ್ ಯಾಕೆ? ಅದು ಬಿ ಟೀಮಿನ ಆಟ ಅಲ್ವಾ?” ಇಷ್ಟು ದಿನ ನಾನು “ಟಿಕೆಟ್ ಅಗ್ಗ, ಮನೆಗೆ ಹತ್ತಿರ” ಎಂದು ನಕ್ಕು ಜಾರಿಕೊಳ್ಳುತ್ತಿದ್ದೆ. ಎರಡೂ ಸುಳ್ಳಲ್ಲ. ಶಿಕಾಗೋಗೆ ಹೋಗಿ ಮೇಜರ್ ಲೀಗಿನ, ಅಂದರೆ ಎಲ್ಲಕ್ಕಿಂತ ಮೇಲಿನ ಮಟ್ಟದ, ಆಟ ನೋಡಬೇಕೆಂದರೆ ಐದು ಗಂಟೆ ಕಾರು ಓಡಿಸಬೇಕು. ನಮ್ಮೂರಿನ ಪ್ರಿನ್ಸಿಪಲ್ ಪಾರ್ಕ್ ಕ್ರೀಡಾಂಗಣ ಮನೆಯಿಂದ ಹನ್ನೆರಡು ನಿಮಿಷ. ಆದರೆ ಆ ಉತ್ತರ ಕೇಳಿದೊಡನೆ ಎದುರಿನವರ ಮುಖದಲ್ಲಿ ಮೂಡುವ “ಪಾಪ, ಕಾಸಿಗೆ ಕಷ್ಟವಿರಬೇಕು” ಎಂಬ ಕನಿಕರವನ್ನು ಇನ್ನು ನಾನು ಸಹಿಸಲಾರೆ.

ಪ್ರಶ್ನೆಗಿಂತ ಹೆಚ್ಚು ಕೆರಳಿಸುವುದು ಅದರ ಬಾಲ. “ಅಂದ್ರೆ ನಮ್ಮ ರಣಜಿ ಇದ್ದ ಹಾಗೆ!” ಎಂದು ಉತ್ತರವನ್ನೂ ತಾವೇ ಕೊಟ್ಟುಕೊಂಡು, ಬಿಸಿಬೇಳೆಬಾತಿನ ಮೇಲೆ ಬೂಂದಿ ಹಾಕಿಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ಅಲ್ಲ ಸ್ವಾಮಿ, ರಣಜಿ ಇದ್ದ ಹಾಗೆ ಅಲ್ಲವೇ ಅಲ್ಲ. ಸತತ ಹದಿನೈದು ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು 1974ರಲ್ಲಿ ಪ್ರಸನ್ನ ನಾಯಕರಾಗಿದ್ದ ಕರ್ನಾಟಕ ತಂಡ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಹೊರದಬ್ಬಿತಲ್ಲ, ಅದು ಕರ್ನಾಟಕದ್ದೇ ತಂಡ, ಕರ್ನಾಟಕದ್ದೇ ಗೆಲುವು. ತಂಡವನ್ನು ಆರಿಸಿದವರೂ ಅಲ್ಲಿಯವರೇ. ನಡುವೆ ಒಬ್ಬಿಬ್ಬರನ್ನು ಭಾರತ ತಂಡಕ್ಕೆ ಕರೆದೊಯ್ಯುವುದು ಉಂಟಾದರೂ, ರಣಜಿ ತಂಡ ಅಂಗಳಕ್ಕಿಳಿಯುವುದು ಗೆಲ್ಲಲಿಕ್ಕೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ನಮ್ಮೂರಿನ ಅಯೋವಾ ಕಬ್ಸ್ ತಂಡ ಅಂಗಳಕ್ಕಿಳಿಯುವುದು ಗೆಲ್ಲಲಿಕ್ಕೆ ಎಂದು ನಾನು ಆಣೆ ಮಾಡಿ ಹೇಳಲಾರೆ. 1981ರಿಂದ ಅದು ಶಿಕಾಗೋ ಕಬ್ಸ್‌ನ ಟ್ರಿಪಲ್-ಎ ತಂಡ, ಅಂದರೆ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನದು. ಆಟಗಾರರಿಗೂ ತರಬೇತುದಾರರಿಗೂ ಸಂಬಳ ಶಿಕಾಗೋದಿಂದ ಬರುತ್ತದೆ. ಯಾರು ಎಲ್ಲಿ ನಿಲ್ಲಬೇಕು, ಯಾವ ಪಿಚರ್ ಎಷ್ಟು ಚೆಂಡು ಎಸೆಯಬಹುದು, ಯಾರನ್ನು ಯಾವತ್ತು ಮೇಲಕ್ಕೆ ಕಳಿಸಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ತಂಡದ ಮಾಲೀಕರ ಕೈಯಲ್ಲಿರುವುದು ಕುರ್ಚಿ, ಟಿಕೆಟ್ಟು, ಹಾಟ್ ಡಾಗ್, ಮತ್ತು ಆಟದ ನಂತರದ ಪಟಾಕಿ. ಪ್ರೇಕ್ಷಕರು ಇಲ್ಲಿ ಎಷ್ಟರ ಮಟ್ಟಿಗೆ ಹೊರಗಿನವರು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 2008ರ ಜೂನ್‌ನಲ್ಲಿ ಡೆಮೋಯ್ನ್ ಮತ್ತು ರಕೂನ್ ನದಿಗಳು ಉಕ್ಕಿ, ಅವು ಕೂಡುವಲ್ಲಿಯೇ ಇರುವ ಕ್ರೀಡಾಂಗಣದ ಸುತ್ತಲಿನ ಪೇಟೆಯನ್ನು ತೆರವು ಮಾಡಿಸಿದ್ದರು. ಜೂನ್ 14ರಂದು ಒಬ್ಬ ಪ್ರೇಕ್ಷಕನನ್ನೂ ಒಳಗೆ ಬಿಡದೆ ನ್ಯಾಶ್‌ವಿಲ್ ವಿರುದ್ಧ ಪೂರ್ತಿ ಆಟ ಆಡಿಸಿದರು. ಮದುವೆಗೆ ನೆಂಟರು ಬಾರದಿದ್ದರೂ ಮುಹೂರ್ತ ಮೀರಬಾರದು, ಅಷ್ಟೇ.

ಇಂಥದ್ದನ್ನು ಯಾಕೆ ನೋಡುತ್ತೀರಿ ಎಂದು ಈಗ ಇನ್ನೂ ಜೋರಾಗಿ ಕೇಳಬೇಕೆನಿಸಿದರೆ ಸ್ವಲ್ಪ ತಾಳಿ. ಸರಿಯಾದ ಪ್ರಶ್ನೆಯನ್ನು ಕೇಳಿದವರು ಇಲ್ಲಿಯವರೆಗೆ ಒಬ್ಬರೇ, ಅವರು ಅರಸೀಕೆರೆಯ ನಮ್ಮ ಮಾವ.

2019ರ ಜುಲೈನಲ್ಲಿ ಅವರು ಮಗಳ ಮನೆಗೆಂದು ಬಂದಿದ್ದಾಗ ಒಂದು ಸಂಜೆ ನಾನು ಅವರನ್ನು ಆಟಕ್ಕೆ ಕರೆದುಕೊಂಡು ಹೋದೆ. ಮೂರನೇ ಬೇಸಿನ ಕಡೆ ಕುಳಿತರೆ, ಅಂಗಳದ ಆಚೆ ನದಿಯ ಮೇಲಿಂದ ರಾಜ್ಯದ ಶಾಸನಭವನದ ಚಿನ್ನದ ಗುಮ್ಮಟ ಇಳಿಬಿಸಿಲಿಗೆ ಹೊಳೆಯುವುದು ಕಾಣುತ್ತದೆ. ಮಾವ ಮೊದಲ ಎರಡು ಇನ್ನಿಂಗ್ಸ್ ಆ ಗುಮ್ಮಟವನ್ನೇ ನೋಡಿದರು. ಮೂರನೆಯದರಲ್ಲಿ ಅವರ ಕಣ್ಣು ನಮ್ಮ ಪಿಚರ್ ಮೇಲೆ ನಿಂತಿತು. ಇಪ್ಪತ್ತೈದರ ಆಸುಪಾಸಿನ, ಉದ್ದ ಕತ್ತಿನ ಹುಡುಗ. ಪ್ರತಿ ಎಸೆತಕ್ಕೆ ಮುಂಚೆ ಟೋಪಿಯ ಅಂಚನ್ನು ಎರಡು ಸಲ ಮುಟ್ಟಿಕೊಳ್ಳುತ್ತಿದ್ದ. ಐದು ಇನ್ನಿಂಗ್ಸ್ ಮುಗಿದರೂ ಎದುರಾಳಿಗಳಿಗೆ ಒಂದು ಹಿಟ್ (ಬೇಸ್ ತಲುಪಿಸುವ ಹೊಡೆತ) ಕೂಡ ದಕ್ಕಿರಲಿಲ್ಲ. ಆರನೆಯದಕ್ಕೆ ಬೇರೊಬ್ಬ ಬಂದು ನಿಂತಾಗ ಸುತ್ತಲಿನವರು ಊಳಿಟ್ಟರು. ಮಾವ ನನ್ನತ್ತ ತಿರುಗಿ, “ಅಲ್ರೀ, ಅಷ್ಟು ಚೆನ್ನಾಗಿ ಹಾಕ್ತಿದ್ದ ಹುಡುಗನ್ನ ಯಾಕ್ರೀ ಇಳಿಸಿದ್ರು? ಯಾರು ಹೇಳಿದ್ರು ಇಳ್ಸೋಕೆ?” ಎಂದರು.

ಆಟವೇ ಗೊತ್ತಿಲ್ಲದ ಮನುಷ್ಯ ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ತಲುಪಿದ್ದರು. ನೀವೆಲ್ಲ ನನ್ನನ್ನು ಕೇಳಬೇಕಾದದ್ದು ಇದನ್ನು: ಯಾರು ಹೇಳಿದರು, ಯಾವ ಲೆಕ್ಕದ ಮೇಲೆ ಹೇಳಿದರು? ಹೀಗೆ ಗೆಲ್ಲುತ್ತಿರುವ ಪಿಚರನ್ನು ಇಳಿಸುವುದರ ಹಿಂದೆ ಸಾಮಾನ್ಯವಾಗಿ ಇರುವುದು ಚೆಂಡುಗಳ ಮಿತಿ. ಅವನ ತೋಳು ಮುಂದಿನ ವಾರ ಶಿಕಾಗೋಗೆ ಬೇಕಾಗಬಹುದು, ಅದನ್ನು ಡೆಮೋಯ್ನ್‌ನ ಒಂದು ಗೆಲುವಿಗಾಗಿ ಸವೆಸುವಂತಿಲ್ಲ. ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು ಇನ್ನೊಂದು ಲೆಕ್ಕದಲ್ಲಿ. ವಾಪಸ್ ಬರುವಾಗ ಕಾರಿನಲ್ಲಿ ಮಾವನಿಗೆ ಹೇಳಿದ್ದು ಅದನ್ನೇ.

ಮೇಜರ್ ಲೀಗಿನಲ್ಲಿ ಆರು ವರ್ಷ ಸೇವೆ ಮುಗಿಸಿದ ಆಟಗಾರ ಸ್ವತಂತ್ರನಾಗುತ್ತಾನೆ, ತನಗೆ ಬೇಕಾದ ತಂಡಕ್ಕೆ ಬೇಕಾದ ಬೆಲೆಗೆ ಹೋಗಬಹುದು. ಅಲ್ಲಿಯವರೆಗೆ ಅವನು ಮೂಲ ಕ್ಲಬ್ಬಿನ ಹಕ್ಕಿನ ಸ್ವತ್ತು. 172 ದಿನ ತಂಡದಲ್ಲಿದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಶಿಕಾಗೋ ಕಬ್ಸ್‌ನ ಕ್ರಿಸ್ ಬ್ರಯಂಟ್ ಎಂಬ ಹುಡುಗ 2014ರಲ್ಲಿ ಮೊದಲು ಇನ್ನೂ ಒಂದು ಮೆಟ್ಟಿಲು ಕೆಳಗಿನ ಟೆನೆಸಿ ತಂಡದಲ್ಲಿ, ನಂತರ ನಮ್ಮ ಅಯೋವಾದಲ್ಲಿ ಆಡಿ ಒಟ್ಟು 43 ಹೋಮ್ ರನ್ (ಸಿಕ್ಸರಿನಂಥ ಹೊಡೆತ) ಹೊಡೆದಿದ್ದ. 2015ರ ಋತು ಶುರುವಾಗುವ ಮುನ್ನ ನಡೆಯುವ ಅಭ್ಯಾಸ ಪಂದ್ಯಗಳಲ್ಲಿ ಅವನು ಹೊಡೆದ ಒಂಬತ್ತು ಹೋಮ್ ರನ್ ಇಡೀ ಲೀಗಿನಲ್ಲೇ ಅತಿ ಹೆಚ್ಚು. ಆದರೂ ಮೂರನೇ ಬೇಸಿನಲ್ಲಿ ಅವನ ಕ್ಷೇತ್ರರಕ್ಷಣೆ ಇನ್ನೂ ಪಳಗಬೇಕು ಎಂಬ ಕಾರಣ ಕೊಟ್ಟು ಅವನನ್ನು ಮತ್ತೆ ಅಯೋವಾಕ್ಕೆ ಕಳಿಸಿದರು. ಹನ್ನೆರಡು ದಿನ ಕಳೆದು ಏಪ್ರಿಲ್ 17ರಂದು ಮೇಲಕ್ಕೆ ಕರೆಸಿಕೊಂಡರು. ಹನ್ನೆರಡೇ ದಿನದಲ್ಲಿ ಪಳಗುವ ಆ ಕ್ಷೇತ್ರರಕ್ಷಣೆಯನ್ನು ಕಲಿಸಿಕೊಡುವ ಗುರುಗಳು ನಮ್ಮೂರಿನಲ್ಲಿದ್ದರು ಎಂದು ನಾನು ಹೆಮ್ಮೆಪಡಬೇಕಿತ್ತೇನೋ! ಆ ಋತುವಿನ ಒಟ್ಟು 183 ದಿನಗಳಲ್ಲಿ ಹನ್ನೆರಡು ಕಳೆದರೆ ಉಳಿಯುವುದು 171, ಅಂದರೆ ಒಂದು ವರ್ಷಕ್ಕೆ ಒಂದು ದಿನ ಕಡಿಮೆ. ಆ ವರ್ಷ ಸರ್ವಾನುಮತದಿಂದ ಶ್ರೇಷ್ಠ ಹೊಸ ಆಟಗಾರನೆನಿಸಿಕೊಂಡ ಬ್ರಯಂಟ್‌ನ ಸೇವಾ ಪುಸ್ತಕದಲ್ಲಿ ಮಾತ್ರ ಅದು ವರ್ಷವೆಂದೇ ದಾಖಲಾಗಲಿಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನಮ್ಮ ಇನ್ನೂರ ನಲವತ್ತು ದಿನದ ಲೆಕ್ಕ ಕಣ್ರೀ” ಎಂದರು.

ಊರಿನಲ್ಲಿ ದಿನಗೂಲಿ ಮಾಡಿದವರಿಗೆ ವಿವರಿಸಬೇಕಾಗಿಲ್ಲ, ಮಿಕ್ಕವರಿಗಾಗಿ ಹೇಳುತ್ತೇನೆ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದ ಕಾರ್ಮಿಕನದು ಒಂದು ವರ್ಷದ ನಿರಂತರ ಸೇವೆ ಎಂದು ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. ಆಮೇಲೆ ಅವನನ್ನು ನೋಟಿಸು, ಪರಿಹಾರಗಳಿಲ್ಲದೆ ತೆಗೆದುಹಾಕುವಂತಿರಲಿಲ್ಲ. ಮಾವ ಹರೆಯದಲ್ಲಿ ದುಡಿದ ಕಾರ್ಖಾನೆಯಲ್ಲಿ ಮೂರು ವರ್ಷ ಅವರನ್ನು ಇನ್ನೂರ ಮೂವತ್ತು ಚಿಲ್ಲರೆ ದಿನಕ್ಕೆ ಸರಿಯಾಗಿ “ಕೆಲಸ ಇಲ್ಲ, ನಾಲ್ಕು ತಿಂಗಳು ಬಿಟ್ಟು ಬಾ” ಎಂದು ಕಳಿಸುತ್ತಿದ್ದರಂತೆ. ಹಾಜರಿ ಪುಸ್ತಕ ಬರೆಯುತ್ತಿದ್ದ ಗುಮಾಸ್ತ ಪ್ರತಿ ತಿಂಗಳ ಕೊನೆಗೆ ಕೆಂಪು ಶಾಯಿಯಲ್ಲಿ ಒಟ್ಟು ಹಾಕುತ್ತಿದ್ದುದನ್ನು ಅವರು ಬೆರಳಿನಲ್ಲಿ ಗಾಳಿಯಲ್ಲಿ ಗೀಚಿ ತೋರಿಸಿದರು. ಬ್ರಯಂಟ್ ಕೋಟ್ಯಧಿಪತಿಯಾದ, ಮಾವ ಆಗಲಿಲ್ಲ ಎಂಬ ವ್ಯತ್ಯಾಸ ನನಗೂ ಗೊತ್ತು, ದಯವಿಟ್ಟು ಅದನ್ನು ನೆನಪಿಸಬೇಡಿ. ಕೆಂಪು ಶಾಯಿ ಮಾತ್ರ ಒಂದೇ.

ಇಲ್ಲಿ ನನ್ನ ತಪ್ಪೊಪ್ಪಿಗೆಯೂ ಇದೆ. 2016ರಲ್ಲಿ 108 ವರ್ಷಗಳ ನಂತರ ಶಿಕಾಗೋ ಕಬ್ಸ್ ವರ್ಲ್ಡ್ ಸಿರೀಸ್ (ಮೇಜರ್ ಲೀಗಿನ ಅಂತಿಮ ಸರಣಿ) ಗೆದ್ದ ರಾತ್ರಿ ಮನೆಯಲ್ಲಿ ಕುಣಿದವರಲ್ಲಿ ನಾನೂ ಒಬ್ಬ, ಮತ್ತು ಕೊನೆಯ ಚೆಂಡನ್ನು ಹಿಡಿದು ಮೊದಲ ಬೇಸಿಗೆ ಎಸೆದವನು ಇದೇ ಬ್ರಯಂಟ್. ಹನ್ನೆರಡು ದಿನದಿಂದ ಕ್ಲಬ್ಬಿಗೆ ದಕ್ಕಿದ್ದು ಅವನ ಇನ್ನೊಂದು ಪೂರ್ತಿ ವರ್ಷ, ಅದರ ಲಾಭ ಅಭಿಮಾನಿಯಾದ ನನಗೂ ಸಂದಿದೆ. ಆ ಹನ್ನೆರಡು ದಿನದ ಬಗ್ಗೆ ಅವನು ಸಲ್ಲಿಸಿದ ದೂರು 2020ರ ಜನವರಿಯಲ್ಲಿ ತಿರಸ್ಕೃತವಾಯಿತು. 2021ರ ಜುಲೈನಲ್ಲಿ ಬೇರೆ ಆಟಗಾರರನ್ನು ಪಡೆದು ಅವನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಟ್ಟುಕೊಟ್ಟರು, ಮರುವರ್ಷ ಕೊಲರಾಡೋ ತಂಡ ಅವನಿಗೆ ಏಳು ವರ್ಷಕ್ಕೆ 182 ಮಿಲಿಯ ಡಾಲರ್ ಕೊಟ್ಟಿತು, ಆಮೇಲೆ ಗಾಯಗಳು ಅವನನ್ನು ಹೆಚ್ಚು ಆಡಗೊಡಲಿಲ್ಲ. ಹಾಗಾದರೆ ಕ್ಲಬ್ಬಿನ ಲೆಕ್ಕ ಸರಿಯಾಗಿತ್ತಲ್ಲ ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ಲೆಕ್ಕ ಸರಿಯಾಗಿಯೇ ಇತ್ತು. ಕಾರಣ ಕ್ಷೇತ್ರರಕ್ಷಣೆ ಎಂದು ಹೇಳಿದ್ದಕ್ಕೆ ನನ್ನ ಸಿಟ್ಟು. ಆಟಗಾರರ ಸಂಘಕ್ಕೂ ಕ್ಲಬ್ಬುಗಳಿಗೂ ನಡುವಿನ 2022ರ ಒಪ್ಪಂದದಲ್ಲಿ ಶ್ರೇಷ್ಠ ಹೊಸ ಆಟಗಾರನ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಪೂರ್ತಿ ವರ್ಷದ ಸೇವೆ ಕೊಡಬೇಕೆಂಬ ನಿಯಮ ಬಂತು. ಪಿಟ್ಸ್‌ಬರ್ಗ್ ತಂಡ 2024ರ ಮೇ 11ರವರೆಗೆ ಕೆಳಗೇ ಇರಿಸಿದ್ದ ಪಾಲ್ ಸ್ಕೀನ್ಸ್ ಅದರಿಂದಲೇ ತನ್ನ ವರ್ಷವನ್ನು ಉಳಿಸಿಕೊಂಡ. ಒಳ್ಳೆಯದೇ. ಆದರೆ ಪ್ರಶಸ್ತಿ ಗೆಲ್ಲುವಷ್ಟು ದೊಡ್ಡವನಲ್ಲದವನ ಹನ್ನೆರಡು ದಿನವನ್ನು ಯಾರೂ ಎಣಿಸುವುದಿಲ್ಲ.

ನಾನು ಆಟಕ್ಕೆ ಹೋಗುವುದು ಅಂಥವರನ್ನು ನೋಡಲಿಕ್ಕೆ. 2021ಕ್ಕೆ ಮುಂಚೆ ಟ್ರಿಪಲ್-ಎ ಆಟಗಾರನ ಕನಿಷ್ಠ ಸಂಬಳ ವಾರಕ್ಕೆ 502 ಡಾಲರ್, ಅದೂ ಋತು ನಡೆಯುವ ಐದು ತಿಂಗಳು ಮಾತ್ರ. ಕನಿಷ್ಠ ವೇತನದ ಕಾನೂನು ಅವರಿಗೆ ಅನ್ವಯಿಸದಂತೆ 2018ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪುಟಗಳ ಒಂದು ಖರ್ಚಿನ ಮಸೂದೆಯ ಒಳಗೆ ಒಂದು ಕಲಮು ತೂರಿಸಿದ್ದರು. ಸಂಘ ಕಟ್ಟಿಕೊಂಡ ಮೇಲೆ, 2023ರಲ್ಲಿ, ಆ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಆಯಿತು. ಇನ್ನು ತಂಡಗಳ ಗತಿ: 2020ರ ನಂತರ ಮೇಜರ್ ಲೀಗ್ ತನ್ನ ಕೆಳಗಿನ 160 ತಂಡಗಳನ್ನು 120ಕ್ಕೆ ಇಳಿಸಿತು. ಅಯೋವಾದಲ್ಲಿದ್ದ ಐದರಲ್ಲಿ ಮಿಸಿಸಿಪಿ ದಂಡೆಯ ಕ್ಲಿಂಟನ್ ಮತ್ತು ಬರ್ಲಿಂಗ್ಟನ್ ಊರಿನವು ಹೋದವು. ಕ್ಲಿಂಟನ್ನಿನ ಕ್ರೀಡಾಂಗಣ 1937ರಲ್ಲಿ ಕಟ್ಟಿದ್ದು. ಅಲ್ಲಿ ಈಗ ಬೇಸಿಗೆಯಲ್ಲಿ ಕಾಲೇಜು ಹುಡುಗರು ಆಡುತ್ತಾರೆ. ಆ ಊರುಗಳನ್ನು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ.

ತೀರ್ಮಾನಿಸುವ ಅಧಿಕಾರವಿಲ್ಲದವರು ಏನೂ ಮಾಡಲಾರರು ಎಂದೇನಿಲ್ಲ ಬಿಡಿ. ನಮ್ಮ ತಂಡದ ಸ್ಥಳೀಯ ಮಾಲೀಕರಾಗಿದ್ದ ಮೈಕೇಲ್ ಗಾರ್ಟ್‌ನರ್ 2021ರ ಕೊನೆಗೆ ತಂಡವನ್ನು ಮಾರಿದಾಗ, ಬಂದ ಹಣದಲ್ಲಿ ಆರು ಲಕ್ಷ ಡಾಲರನ್ನು ತಮ್ಮ 23 ಮಂದಿ ಕಾಯಂ ನೌಕರರಿಗೆ ಹಂಚಿದರು. ಯಾವ ಪಿಚರನ್ನು ಇಳಿಸಬೇಕೆಂದು ಹೇಳುವ ಹಕ್ಕು ಅವರಿಗೆ ಒಂದು ದಿನವೂ ಇರಲಿಲ್ಲ.

ಮಾವ ಊರಿಗೆ ಮರಳಿದ ಮೇಲೂ ಆ ಉದ್ದ ಕತ್ತಿನ ಹುಡುಗನನ್ನು ಬಿಡಲಿಲ್ಲ. ಫೋನಿನಲ್ಲಿ ಮೊಮ್ಮಗಳ ಕ್ಷೇಮ ವಿಚಾರಿಸುವುದಕ್ಕೂ ಮುಂಚೆ “ಆ ಹುಡುಗ ಮೇಲೆ ಹೋದ್ನಾ?” ಎನ್ನುತ್ತಿದ್ದರು. ಹೋದ. ಆಗಸ್ಟಿನಲ್ಲಿ ಹನ್ನೊಂದು ದಿನ ಇಟ್ಟುಕೊಂಡು ವಾಪಸ್ ಕಳಿಸಿದರು, ಆಮೇಲೆ ಬೇರೊಂದು ಕ್ಲಬ್ಬು ಕರೆದುಕೊಂಡು ಇನ್ನೊಂದಿಷ್ಟು ದಿನ ಇಟ್ಟುಕೊಂಡು ಕೈಬಿಟ್ಟಿತು. ಈಗ ಅವನು ಮೆಕ್ಸಿಕೋದ ಲೀಗಿನಲ್ಲಿ ಎಸೆಯುತ್ತಿದ್ದಾನೆ. ಮೇಜರ್ ಲೀಗಿನಲ್ಲಿ 43 ದಿನ ಇದ್ದವನಿಗೆ ಪಿಂಚಣಿಯ ಹಕ್ಕು ಬರುತ್ತದೆ ಎಂದು ಯಾವಾಗಲೋ ಮಾವನಿಗೆ ಹೇಳಿದ್ದೆ. ಅವರು ಅದನ್ನು ಮರೆತಿರಲಿಲ್ಲ.

“ಒಟ್ಟು ಎಷ್ಟಾಯ್ತ್ರೀ ಅವನ್ದು?” ಎಂದು ಕಳೆದ ಯುಗಾದಿಯ ದಿನ ಕೇಳಿದರು.

“ಇಪ್ಪತ್ತೊಂಬತ್ತು, ಮಾವ.”

ಆ ಕಡೆ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು ಕೇಳಿಸಿತು. “ಇನ್ನು ಹದ್ನಾಲ್ಕು” ಎಂದರು.